‘ಸಿಗಲಿಲ್ಲ’ ಮತ್ತು ‘ಇಲ್ಲ’: ಆರೋಗ್ಯ ಪುರಾವೆಗಳ ಶೋಧದಲ್ಲಿ ಗಡಿನಾಡಿನ ಗ್ರಂಥಪಾಲಕರ ಹೊಣೆ

ಗ್ರಂಥಾಲಯಕ್ಕೆ ಬರುವ ಪ್ರಶ್ನೆಗಳಲ್ಲಿ ಆರೋಗ್ಯವನ್ನು ಕುರಿತವುಗಳ ತೂಕವೇ ಬೇರೆ. ಕಾವ್ಯವೊಂದರ ಪಾಠಾಂತರಗಳನ್ನು ಹುಡುಕುವಾಗ ಒಂದು ಹಸ್ತಪ್ರತಿ ಕಣ್ತಪ್ಪಿದರೆ ಮುಂದಿನ ವಿದ್ವಾಂಸರು ಅದನ್ನು ಸರಿಪಡಿಸಿಯಾರು. ಔಷಧವೊಂದರ ಅಥವಾ ಕೀಟನಾಶಕವೊಂದರ ದುಷ್ಪರಿಣಾಮವನ್ನು ದಾಖಲಿಸಿದ ವರದಿ ಕಣ್ತಪ್ಪಿದರೆ ಅದರ ಬೆಲೆಯನ್ನು ರೋಗಿಗಳು ತೆರುತ್ತಾರೆ. ಅಂತಹ ಶೋಧದ ಕೊನೆಯಲ್ಲಿ ಗ್ರಂಥಪಾಲಕರು ಬರೆದುಕೊಡುವ ‘ಪುರಾವೆ ಇಲ್ಲ’ ಎಂಬ ಎರಡು ಪದಗಳು ಅನೇಕ ವೇಳೆ ‘ನಾನು ನೋಡಿದ ಕಡೆ ಸಿಗಲಿಲ್ಲ’ ಎಂಬುದನ್ನಷ್ಟೇ ಹೇಳುತ್ತಿರುತ್ತವೆ. ಈ ಎರಡು ಮಾತುಗಳ ನಡುವಿನ ಅಂತರವನ್ನು ಕಾಯ್ದುಕೊಳ್ಳುವುದು ಹೇಗೆ, ಒಂದು ಪ್ರದೇಶಕ್ಕೆ ಹಲವು ಭಾಷೆ, ಹಲವು ಹೆಸರುಗಳಿರುವ ಗಡಿನಾಡಿನಲ್ಲಿ ಆ ಕೆಲಸ ಏಕೆ ಇನ್ನಷ್ಟು ಕಠಿಣ ಎಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ಇಂತಹ ಲೋಪದ ಪರಿಣಾಮವನ್ನು ತಿಳಿಯಲು ಗ್ರಂಥಾಲಯ ವಿಜ್ಞಾನದವರು ಪದೇ ಪದೇ ನೆನೆಯುವ ಒಂದು ಪ್ರಕರಣವಿದೆ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸಕ್ಕೆ ಸಂಬಂಧಿಸಿದ ಅಧ್ಯಯನವೊಂದು ನಡೆಯುತ್ತಿತ್ತು. ಹಿಂದೆ ರಕ್ತದೊತ್ತಡಕ್ಕೆ ಬಳಸುತ್ತಿದ್ದ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಅದರಲ್ಲಿ ಆರೋಗ್ಯವಂತರಾದ ಸ್ವಯಂಸೇವಕರಿಗೆ ಉಸಿರಿನ ಮೂಲಕ ನೀಡಲಾಯಿತು. ಅವರಲ್ಲೊಬ್ಬ ತರುಣಿ ಶ್ವಾಸಕೋಶದ ತೀವ್ರ ಹಾನಿಯಿಂದ ಮರಣಹೊಂದಿದಳು. ಪ್ರಯೋಗಕ್ಕೆ ಮುನ್ನ ಸಂಶೋಧಕರು ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಅಂದಿನ ಪಬ್‌ಮೆಡ್ 1966ರಿಂದೀಚಿನ ಲೇಖನಗಳಿಗೆ ಸೀಮಿತವಾಗಿತ್ತು. ಇದೇ ರಾಸಾಯನಿಕದಿಂದ ಶ್ವಾಸಕೋಶಕ್ಕೆ ಆಗುವ ಹಾನಿಯನ್ನು ತಿಳಿಸಿದ್ದ ಲೇಖನಗಳು 1950ರ ದಶಕದವು. ಅವು ಮುದ್ರಿತ ಸೂಚಿಗಳಲ್ಲಿಯೂ ಹಳೆಯ ಪಠ್ಯಪುಸ್ತಕಗಳಲ್ಲಿಯೂ ಲಭ್ಯವಿದ್ದವು. ಹುಡುಕಿದವರು ಹುಡುಕಿದ್ದು ಸುಳ್ಳಲ್ಲ. ಹುಡುಕಿದ ಜಾಗದ ಗಡಿ ಎಲ್ಲಿ ಮುಗಿಯುತ್ತದೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಅಲ್ಲಿ ಕಾಲದ ಗಡಿ ತೊಡಕಾಯಿತು. ನಮ್ಮಲ್ಲಿ ಕಾಲದ ಗಡಿಯ ಜೊತೆಗೆ ಭಾಷೆಯ, ಲಿಪಿಯ, ಜಿಲ್ಲೆಯ, ರಾಜ್ಯದ ಗಡಿಗಳೂ ಸೇರಿಕೊಳ್ಳುತ್ತವೆ. ಅವುಗಳನ್ನು ಒಂದೊಂದಾಗಿ ನೋಡಲು ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಪ್ರಶ್ನೆಯನ್ನು ರೂಪಿಸುವುದು

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಆ ತೋಟಗಳ ತಪ್ಪಲಿನ ಹಳ್ಳಿಗಳಲ್ಲಿ ಕನ್ನಡ, ತುಳು, ಮಲಯಾಳ, ಮರಾಠಿ ಮಾತನಾಡುವವರು ಒಟ್ಟಿಗೆ ಬಾಳುತ್ತಾರೆ. ‘ಎಂಡೋಸಲ್ಫಾನ್‌ನಿಂದ ಏನಾಯಿತು?’ ಎಂಬ ಪ್ರಶ್ನೆಯೊಡನೆ ಒಬ್ಬ ಸಂಶೋಧಕರು ಬಂದರೆನ್ನೋಣ. ಈ ರೂಪದಲ್ಲಿ ಅದು ಶೋಧಕ್ಕೆ ಒದಗುವ ಪ್ರಶ್ನೆಯಲ್ಲ.

ಚಿಕಿತ್ಸೆಯನ್ನು ಕುರಿತ ಪ್ರಶ್ನೆಗಳನ್ನು ನಾಲ್ಕು ಅಂಗಗಳಾಗಿ ಬಿಡಿಸುವ ‘ಪೀಕೋ’ ಕ್ರಮ 1990ರ ದಶಕದಿಂದ ಬಳಕೆಯಲ್ಲಿದೆ: ಯಾರು, ಯಾವ ಚಿಕಿತ್ಸೆ, ಯಾವುದರೊಡನೆ ಹೋಲಿಕೆ, ಯಾವ ಪರಿಣಾಮ. ವಿಷವಸ್ತುವಿನ ವಿಷಯದಲ್ಲಿ ಚಿಕಿತ್ಸೆಯ ಸ್ಥಾನಕ್ಕೆ ‘ಒಡ್ಡಿಕೆ’ ಬರುತ್ತದೆ. ನಮ್ಮ ಪ್ರಶ್ನೆ ಆಗ ಹೀಗಾಗುತ್ತದೆ: ಗೇರು ತೋಟಗಳ ಸಮೀಪ ಬೆಳೆದ ಮಕ್ಕಳಲ್ಲಿ, ಎಂಡೋಸಲ್ಫಾನ್‌ಗೆ ಒಡ್ಡಿಕೊಂಡದ್ದರಿಂದ, ಅಂತಹ ಒಡ್ಡಿಕೆಯಿಲ್ಲದ ಮಕ್ಕಳಿಗೆ ಹೋಲಿಸಿದಾಗ, ಬೆಳವಣಿಗೆಯಲ್ಲಿ ಯಾವ ವ್ಯತ್ಯಾಸ ಕಂಡುಬಂದಿದೆ?

ಪ್ರಶ್ನೆಯನ್ನು ಹೀಗೆ ಬಿಡಿಸಿದ ಮಾತ್ರಕ್ಕೆ ನಾಲ್ಕೂ ಅಂಗಗಳನ್ನು ಶೋಧದಲ್ಲಿ ಹಾಕಬೇಕೆಂದಿಲ್ಲ. ಹಾಕಿದಷ್ಟೂ ಬಲೆ ಕಿರಿದಾಗುತ್ತದೆ. ಪರಿಣಾಮವನ್ನು ಸೂಚಿಸುವ ಪದಗಳನ್ನು ಸಾಮಾನ್ಯವಾಗಿ ಹೊರಗಿಡುವುದೇ ಒಳಿತು. ಲೇಖನದ ಸಾರಾಂಶದಲ್ಲಿ ಎಲ್ಲ ಪರಿಣಾಮಗಳೂ ಹೆಸರಿಸಲ್ಪಟ್ಟಿರುವುದಿಲ್ಲ. ಇಲ್ಲಿ ರಾಸಾಯನಿಕ ಮತ್ತು ಸ್ಥಳ ಎಂಬ ಎರಡು ಗುಂಪಿನ ಪದಗಳಿಂದ ಆರಂಭಿಸಿ, ಉಳಿದುದನ್ನು ಓದಿ ಆಯುವುದು ಸುರಕ್ಷಿತ ಮಾರ್ಗ.

ರಾಸಾಯನಿಕದ ಹೆಸರುಗಳು

ಪಬ್‌ಮೆಡ್‌ನಲ್ಲಿ ಇಂದು 3.5 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅವುಗಳಲ್ಲಿ ಬಹುಪಾಲಿಗೆ ‘ಮೆಶ್’ ಎಂಬ ನಿಯಂತ್ರಿತ ಪದಕೋಶದ ವಿಷಯ ಶೀರ್ಷಿಕೆಗಳನ್ನು ನೀಡಲಾಗಿದೆ. ಎಂಡೋಸಲ್ಫಾನ್‌ಗೆ ಅದರಲ್ಲಿ ಪ್ರತ್ಯೇಕ ಶೀರ್ಷಿಕೆಯಿದೆ. ಲೇಖಕರು ಯಾವ ಪದ ಬಳಸಿದ್ದರೂ ವಸ್ತು ಒಂದೇ ಆಗಿದ್ದರೆ ದೊರೆಯುವುದು ಈ ಶೀರ್ಷಿಕೆಯ ಪ್ರಯೋಜನ. ಆದರೆ ಹೊಸದಾಗಿ ಸೇರಿದ ದಾಖಲೆಗಳಿಗೆ ಶೀರ್ಷಿಕೆ ಇನ್ನೂ ಬಿದ್ದಿರದೆ ಇರಬಹುದು. 2022ರಿಂದ ಶೀರ್ಷಿಕೆ ಕೊಡುವ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತಿರುವುದರಿಂದ ತಪ್ಪುಗಳೂ ನುಸುಳುತ್ತವೆ. ಆದ್ದರಿಂದ ವಿಷಯ ಶೀರ್ಷಿಕೆಯನ್ನೂ ಪಠ್ಯಪದಗಳನ್ನೂ ‘ಆರ್’ ಎಂಬ ಸಂಯೋಜಕದಿಂದ ಜೋಡಿಸಿ ಒಟ್ಟಿಗೆ ಹುಡುಕಬೇಕು.

ಪಠ್ಯಪದಗಳ ಪಟ್ಟಿಯಲ್ಲಿ ಥಯೋಡಾನ್ ಮೊದಲಾದ ವ್ಯಾಪಾರನಾಮಗಳು, ದೇಹದಲ್ಲಿಯೂ ಮಣ್ಣಿನಲ್ಲಿಯೂ ಉಳಿಯುವ ಎಂಡೋಸಲ್ಫಾನ್ ಸಲ್ಫೇಟ್, 115-29-7 ಎಂಬ ರಾಸಾಯನಿಕ ನೋಂದಣಿ ಸಂಖ್ಯೆ ಇವೆಲ್ಲ ಇರಬೇಕು. ಉಳಿಕೆ ವಿಷದ ಅಧ್ಯಯನಗಳು ಅನೇಕ ವೇಳೆ ‘ಆರ್ಗನೋಕ್ಲೋರಿನ್ ಕೀಟನಾಶಕಗಳು’ ಎಂಬ ಗುಂಪಿನ ಹೆಸರಿನಲ್ಲಿ ಅಡಗಿರುತ್ತವೆ. ಆ ಪದವನ್ನು ಸ್ಥಳನಾಮದೊಡನೆ ಸೇರಿಸಿ ಬೇರೆಯಾಗಿ ಹುಡುಕುವುದು ಮೇಲು. ‘ನಾಟ್’ ಎಂಬ ಸಂಯೋಜಕದ ವಿಷಯದಲ್ಲಿ ಎಚ್ಚರ ಅಗತ್ಯ. ಪ್ರಾಣಿಗಳ ಮೇಲಿನ ಅಧ್ಯಯನಗಳನ್ನು ತೆಗೆದುಹಾಕಲು ಅದನ್ನು ಬಳಸಿದರೆ, ಪ್ರಾಣಿಗಳನ್ನೂ ಮನುಷ್ಯರನ್ನೂ ಒಟ್ಟಿಗೆ ನೋಡಿದ ಅಧ್ಯಯನಗಳೂ ಮರೆಯಾಗುತ್ತವೆ.

ಸ್ಥಳದ ಹೆಸರುಗಳು

ಗಡಿನಾಡಿನ ಗ್ರಂಥಪಾಲಕರ ವಿಶೇಷ ತಿಳಿವಳಿಕೆ ಒದಗಿಬರುವುದು ಇಲ್ಲಿ. ‘ಕಾಸರಗೋಡು’ ಎಂಬ ಹೆಸರು ಇಂಗ್ಲಿಷ್ ಬರಹದಲ್ಲಿ ರಕಾರದ ನಂತರ ಸ್ವರವಿರುವ ರೂಪ, ಇಲ್ಲದ ರೂಪ, ಕೊನೆಯಲ್ಲಿ ‘ಇ’ ಅಕ್ಷರ ಸೇರಿದ ರೂಪ ಹೀಗೆ ಹಲವು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಂಜೇಶ್ವರಕ್ಕೆ ಮಲಯಾಳದ ರೀತಿಯಲ್ಲಿ ಅಂತ್ಯದ ಮಕಾರ ಸೇರುತ್ತದೆ. ಹೊಸದುರ್ಗ ತಾಲೂಕಿನ ಹೆಸರಾದರೆ ಅದರ ಪಟ್ಟಣ ಕಾಞಂಗಾಡ್. ಬದಿಯಡ್ಕ, ಎಣ್ಮಕಜೆ, ಮುಳ್ಳೇರಿಯ, ಕುಂಬ್ಡಾಜೆ ಇವುಗಳ ಇಂಗ್ಲಿಷ್ ಕಾಗುಣಿತ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ. ಪದದ ಮೊದಲ ಭಾಗವನ್ನಷ್ಟೇ ಬರೆದು ನಕ್ಷತ್ರ ಚಿಹ್ನೆ ಹಾಕುವುದು ಒಂದು ಉಪಾಯ. ಆದರೆ ಹಾಗೆ ಮಾಡಿದಾಗ, ಪದಕ್ಕೆ ತಕ್ಕ ವಿಷಯ ಶೀರ್ಷಿಕೆಯನ್ನು ತಾನಾಗಿ ಸೇರಿಸಿಕೊಳ್ಳುವ ಸೌಲಭ್ಯವನ್ನು ಪಬ್‌ಮೆಡ್ ಆ ಪದಕ್ಕೆ ಕೈಬಿಡುತ್ತದೆಂಬುದು ನೆನಪಿರಲಿ.

ಕಾಗುಣಿತಕ್ಕಿಂತ ದೊಡ್ಡ ತೊಡಕು ಆಡಳಿತದ ಇತಿಹಾಸದ್ದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಬಳಿಕ ಅದು ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ ತಿಂಗಳಿನಲ್ಲಿ. ಎಂದರೆ ಸಿಂಪರಣೆಯ ಮೊದಲ ವರ್ಷಗಳ ಕೃಷಿ ವರದಿ, ಜನಗಣತಿ ಕೈಪಿಡಿ, ಆರೋಗ್ಯ ಅಂಕಿಅಂಶಗಳನ್ನು ‘ಕಾಸರಗೋಡು ಜಿಲ್ಲೆ’ ಎಂಬ ಹೆಸರಿನಡಿ ಹುಡುಕಿ ಫಲವಿಲ್ಲ. ಅವು ‘ಕ್ಯಾನನೂರ್’ ಎಂಬ ಹಳೆಯ ಇಂಗ್ಲಿಷ್ ಹೆಸರಿನಡಿ ಇರುತ್ತವೆ. ಸಿಂಪರಣೆಗೆ ಮುಂಚಿನ ಸ್ಥಿತಿಯೊಡನೆ ಹೋಲಿಸಬಯಸುವವರಿಗೆ ‘ಸೌತ್ ಕೆನರಾ’ ಜಿಲ್ಲೆಯ ಕಡತಗಳೂ ಬೇಕಾಗುತ್ತವೆ.

ರಾಜ್ಯದ ಹೆಸರಿನಿಂದ ಶೋಧವನ್ನು ಮಿತಿಗೊಳಿಸುವುದೂ ಇಲ್ಲಿ ಅಪಾಯಕರ. ಕರ್ನಾಟಕದ ಕಡೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮೊದಲಾದೆಡೆಯ ಗೇರು ತೋಟಗಳಲ್ಲಿಯೂ ಇದೇ ರಾಸಾಯನಿಕ ಬಳಕೆಯಾಗಿತ್ತು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಅದನ್ನು ನಿಷೇಧಿಸಿತು. ‘ಕೇರಳ’ ಎಂದು ಹುಡುಕಿದವರಿಗೆ ದಕ್ಷಿಣ ಕನ್ನಡದ ವಿವರ ದೊರೆಯದು, ‘ಕರ್ನಾಟಕ’ ಎಂದವರಿಗೆ ಕಾಸರಗೋಡಿನದು ದೊರೆಯದು. ವಿಷಕ್ಕೆ ರಾಜ್ಯದ ಗಡಿ ತಿಳಿಯದಿದ್ದರೂ ಸೂಚಿಗಳಿಗೆ ತಿಳಿದಿರುತ್ತದೆ.

ಇದಕ್ಕೆ ಪ್ರತಿಯಾಗಿ, ಸ್ಥಳದ ಹೆಸರು ಬೇಡದ್ದನ್ನೂ ಎಳೆದುತರುತ್ತದೆ. ‘ಎಣ್ಮಕಜೆ’ ಎಂದು ಹುಡುಕಿದರೆ ಅಂಬಿಕಾಸುತನ್ ಮಾಙ್ಙಾಡ್ ಅವರ ಅದೇ ಹೆಸರಿನ ಮಲಯಾಳ ಕಾದಂಬರಿಯ ವಿಮರ್ಶೆಗಳು ಬರುತ್ತವೆ. ಆ ಪಂಚಾಯತಿನ ‘ಸ್ವರ್ಗ’ ಎಂಬ ಊರನ್ನು ಕನ್ನಡದಲ್ಲಿ ಹುಡುಕಿದವರಿಗೆ ಏನೇನು ದೊರೆತೀತೆಂಬುದನ್ನು ಹೇಳಬೇಕಾಗಿಲ್ಲ. ಇಂತಹ ಹೆಸರುಗಳನ್ನು ರಾಸಾಯನಿಕದ ಹೆಸರಿನೊಡನೆ ‘ಆ್ಯಂಡ್’ ಮೂಲಕ ಕಟ್ಟಿಯೇ ಬಳಸಬೇಕು.

ಪರಿಚಿತ ಲೇಖನದಿಂದ ಪರೀಕ್ಷೆ

ಶೋಧಸೂತ್ರ ಸರಿಯಿದೆಯೇ ಎಂದು ತಿಳಿಯಲು ಸರಳವಾದ ಒಂದು ಪರೀಕ್ಷೆಯುಂಟು. ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದೆಂದು ಮೊದಲೇ ತಿಳಿದಿರುವ ಲೇಖನವನ್ನು ಇಟ್ಟುಕೊಂಡು, ನಮ್ಮ ಸೂತ್ರ ಅದನ್ನು ಹಿಡಿಯುತ್ತದೆಯೇ ಎಂದು ನೋಡುವುದು. ಕಾಸರಗೋಡಿನ ವಿಷಯದಲ್ಲಿ ಅಂತಹ ಲೇಖನ 2003ರಲ್ಲಿ ‘ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರ ತಂಡ, ಗೇರು ತೋಟದ ತಪ್ಪಲಿನ ಹಳ್ಳಿಯ 10ರಿಂದ 19 ವರ್ಷದ 117 ಶಾಲಾ ಬಾಲಕರನ್ನು ಒಡ್ಡಿಕೆಯಿಲ್ಲದ 90 ಬಾಲಕರೊಡನೆ ಹೋಲಿಸಿತ್ತು. ಒಡ್ಡಿಕೆಯು ಬಾಲಕರ ಲೈಂಗಿಕ ಪ್ರೌಢಿಮೆಯನ್ನು ತಡವಾಗಿಸಬಹುದು, ಹಾರ್ಮೋನುಗಳ ಉತ್ಪಾದನೆಗೆ ಅಡ್ಡಿಯಾಗಬಹುದು ಎಂಬುದು ಅವರ ತೀರ್ಮಾನ. ಮಾದರಿಯ ಗಾತ್ರ ಚಿಕ್ಕದೆಂಬುದನ್ನೂ ಕೆಲವರು ಪಾಲ್ಗೊಳ್ಳಲಿಲ್ಲವೆಂಬುದನ್ನೂ ಅವರೇ ಒಪ್ಪಿಕೊಂಡಿದ್ದಾರೆ.

ಗಮನಿಸಬೇಕಾದ ಅಂಶವೆಂದರೆ ಈ ಲೇಖನದ ಶೀರ್ಷಿಕೆಯಲ್ಲಿ ಕಾಸರಗೋಡಿನ ಹೆಸರೇ ಇಲ್ಲ. ಅದು ಎಂಡೋಸಲ್ಫಾನ್ ಮತ್ತು ಪುರುಷ ಪ್ರಜನನ ಬೆಳವಣಿಗೆಯನ್ನಷ್ಟೇ ಹೇಳುತ್ತದೆ. ಶೀರ್ಷಿಕೆಯಲ್ಲಿ ಸ್ಥಳನಾಮವಿರಬೇಕೆಂದು ಕೇಳಿದ ಶೋಧ, ಕಾಸರಗೋಡಿನ ಬಗೆಗಿನ ಅತಿ ಮುಖ್ಯ ಲೇಖನವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಸ್ಥಳನಾಮವಿಲ್ಲದೆ ರಾಸಾಯನಿಕದ ಪದಗಳನ್ನು ಮನುಷ್ಯರ ಅಧ್ಯಯನಗಳ ಪದಗಳೊಡನೆ ಸೇರಿಸಿ ಎರಡನೆಯ ಶೋಧವನ್ನೂ ನಡೆಸಬೇಕು. ಬಳಿಕ ಈ ಲೇಖನವನ್ನು ಉಲ್ಲೇಖಿಸಿದ ಮುಂದಿನ ಬರಹಗಳನ್ನೂ, ಇದು ಉಲ್ಲೇಖಿಸಿದ ಹಿಂದಿನ ಬರಹಗಳನ್ನೂ ಬೆನ್ನಟ್ಟಬೇಕು. ಯಾವ ಪದಕ್ಕೂ ಸಿಗದ ದಾಖಲೆಗಳು ಅನೇಕ ವೇಳೆ ಈ ಮಾರ್ಗದಲ್ಲಿ ಸಿಗುತ್ತವೆ.

ಸೂಚಿಗಳ ಹೊರಗೆ

ಈ ಪ್ರಕರಣದ ಮೊದಲ ಸಾಕ್ಷಿಗಳು ವೈದ್ಯಕೀಯ ಸೂಚಿಗಳಿಂದ ಬಂದವರಲ್ಲ. ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆ ಇದನ್ನು ಬೆಳಕಿಗೆ ತಂದವರಲ್ಲಿ ಮೊದಲಿಗರು. ಅಲ್ಲಿಯ ವಾಣೀನಗರದಲ್ಲಿ ವೃತ್ತಿನಿರತರಾದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜವಾದುದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಲು ಶ್ರಮಿಸಿದರು. ಪಬ್‌ಮೆಡ್‌ಗಷ್ಟೇ ನಿಂತ ಶೋಧ ಈ ಕಥೆಯನ್ನು ಅದರ ಉತ್ತರಾರ್ಧದಿಂದ ಆರಂಭಿಸುತ್ತದೆ.

ಗ್ರಂಥಪಾಲಕರು ‘ಗ್ರೇ ಲಿಟರೇಚರ್’ ಎಂದು ಕರೆಯುವ ಸಾಮಗ್ರಿಯ ಮಹತ್ವ ಇಲ್ಲಿಯದು. ಸರ್ಕಾರಿ ಸಮಿತಿಗಳ ವರದಿಗಳು, ಸ್ವಯಂಸೇವಾ ಸಂಸ್ಥೆಗಳ ಪ್ರಯೋಗಾಲಯ ವರದಿಗಳು, ನ್ಯಾಯಾಲಯದ ಆದೇಶಗಳು, ವಿಶ್ವವಿದ್ಯಾಲಯಗಳ ಪ್ರಬಂಧಗಳು ಇದರಲ್ಲಿ ಸೇರುತ್ತವೆ. ಪ್ರಬಂಧಗಳಿಗೆ ಶೋಧಗಂಗಾ, ಆಗ್ನೇಯ ಏಷ್ಯಾದ ವೈದ್ಯಕೀಯ ನಿಯತಕಾಲಿಕಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ‘ಗ್ಲೋಬಲ್ ಇಂಡೆಕ್ಸ್ ಮೆಡಿಕಸ್’ ಉಪಯುಕ್ತ. ಎಂಡೋಸಲ್ಫಾನ್ ಕುರಿತ ಸಮಿತಿಗಳು ಒಂದೇ ತೀರ್ಮಾನಕ್ಕೆ ಬರಲಿಲ್ಲವೆಂಬುದನ್ನು ಮರೆಯಬಾರದು. ಒಂದು ವರದಿಯನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಗ್ರಂಥಪಾಲಕರು ತಮಗರಿಯದೆಯೇ ಒಂದು ಪಕ್ಷದ ವಕೀಲರಾಗುತ್ತಾರೆ. ವರದಿಯನ್ನು ಯಾರು ಬರೆಸಿದರು, ಯಾರ ಹಣದಿಂದ ಎಂಬುದನ್ನೂ ಪಟ್ಟಿಯಲ್ಲಿ ನಮೂದಿಸುವುದು ಉಚಿತ.

ಕನ್ನಡ ಸಾಮಗ್ರಿಯ ಶೋಧಕ್ಕೆ ತನ್ನದೇ ಕಷ್ಟಗಳಿವೆ. ‘ಎಂಡೋಸಲ್ಫಾನ್’, ‘ಎಂಡೊಸಲ್ಫಾನ್’, ‘ಎಂಡೋಸಲ್ಫಾನು’ ಎಂಬ ಮೂರು ರೂಪಗಳು ಯಂತ್ರಕ್ಕೆ ಮೂರು ಬೇರೆ ಪದಗಳು. ವಿಭಕ್ತಿ ಸೇರಿದಾಗ ನಡುವೆ ಬರುವ ಅಗೋಚರ ಜೋಡಣೆಯ ಚಿಹ್ನೆಯಿಂದಲೂ ಪದ ಬದಲಾದಂತಾಗುತ್ತದೆ. ಕರಾವಳಿಯಲ್ಲಿ ‘ಗೇರು’ ಎಂದರೆ ಉಳಿದೆಡೆ ‘ಗೋಡಂಬಿ’, ಮಲಯಾಳದಲ್ಲಿ ‘ಕಶುಮಾವು’. ಈ ಭಾಗದ ರೈತರು ಸಿಂಪರಣೆಗೆ ‘ಮದ್ದು ಬಿಡುವುದು’ ಎನ್ನುತ್ತಾರೆ. ರೋಗಕ್ಕೂ ಮದ್ದು, ಕೀಟಕ್ಕೂ ಮದ್ದು! ಸಂದರ್ಶನಗಳ ಬರಹರೂಪವನ್ನು ಹುಡುಕುವವರು ಈ ಪದವನ್ನರಿಯದಿದ್ದರೆ ಹಳ್ಳಿಗರ ಮಾತು ಅವರ ಕೈಗೆ ದೊರೆಯದು. ಇನ್ನು ಯೂನಿಕೋಡ್‌ಪೂರ್ವ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರ ಓದುವುದು ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು. ಅಂತಹ ಸಂಚಿಕೆಗಳಿಗೆ ಪುಟ ತಿರುವಿ ಓದುವುದಲ್ಲದೆ ಬೇರೆ ದಾರಿಯಿಲ್ಲ. ಆ ಓದನ್ನೂ ‘ಇಂತಹ ಪತ್ರಿಕೆ, ಇಂತಹ ವರ್ಷಗಳು’ ಎಂದು ಶೋಧದ ಭಾಗವಾಗಿ ದಾಖಲಿಸಬೇಕು.

ಇಷ್ಟಾದರೂ ಪತ್ರಿಕಾ ವರದಿ ಮತ್ತು ಹೋಲಿಕೆಯುಳ್ಳ ಅಧ್ಯಯನ ಒಂದೇ ದರ್ಜೆಯ ಪುರಾವೆಗಳಲ್ಲ. ಮೊದಲನೆಯದು ಯಾವಾಗ, ಎಲ್ಲಿ, ಏನು ಗಮನಕ್ಕೆ ಬಂತೆಂಬುದನ್ನು ಹೇಳುತ್ತದೆ. ಕಾರಣವನ್ನು ಸ್ಥಾಪಿಸಲು ಎರಡನೆಯದು ಬೇಕು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಸರಿಯಾದ ಕ್ರಮ. ಸ್ಥಳೀಯ ವರದಿಗಳಲ್ಲಿ ಸಂತ್ರಸ್ತರ ಹೆಸರು, ಮನೆ, ಕಾಯಿಲೆಗಳ ವಿವರವಿರುವುದುಂಟು. ಒಮ್ಮೆ ಅಚ್ಚಾಗಿದೆಯೆಂಬ ಕಾರಣಕ್ಕೆ ಅವನ್ನು ಮತ್ತೆ ಹಂಚುವ ಹಕ್ಕು ನಮಗೆ ಬರುವುದಿಲ್ಲ.

ದಾಖಲೆ ಮತ್ತು ಪರಿಶೀಲನೆ

ಬರೆದಿಡದ ಶೋಧವನ್ನು ಇನ್ನೊಬ್ಬರು ಪರೀಕ್ಷಿಸಲಾರರು. ವ್ಯವಸ್ಥಿತ ಪರಾಮರ್ಶೆಗಳ ವರದಿಗೆ ‘ಪ್ರಿಸ್ಮಾ’ ಮಾರ್ಗಸೂಚಿ ಇರುವಂತೆ, ಅದರ ಶೋಧಭಾಗಕ್ಕೆಂದೇ 2021ರಲ್ಲಿ 16 ಅಂಶಗಳ ‘ಪ್ರಿಸ್ಮಾ-ಎಸ್’ ಪ್ರಕಟವಾಯಿತು. ಯಾವ ದತ್ತಸಂಚಯ, ಯಾವ ವೇದಿಕೆಯ ಮೂಲಕ, ಯಾವ ದಿನಾಂಕದಂದು, ಅಕ್ಷರಶಃ ಯಾವ ಸೂತ್ರದಿಂದ, ಯಾವ ಮಿತಿಗಳೊಡನೆ ಹುಡುಕಲಾಯಿತು, ಎಷ್ಟು ದಾಖಲೆಗಳು ದೊರೆತವು ಎಂಬುದು ಅದರ ತಿರುಳು. ನಾವು ಇದಕ್ಕೆ ಎರಡು ಕಾಲಂಗಳನ್ನು ಸೇರಿಸಿಕೊಳ್ಳುವುದು ಒಳ್ಳೆಯದು: ಯಾವ ಯಾವ ಭಾಷೆ ಮತ್ತು ಲಿಪಿಗಳಲ್ಲಿ ಹುಡುಕಲಾಯಿತು, ಸ್ಥಳನಾಮದ ಯಾವ ರೂಪಗಳನ್ನು ಬಳಸಲಾಯಿತು.

ಸೂತ್ರವನ್ನು ನಡೆಸುವ ಮುನ್ನ ಇನ್ನೊಬ್ಬ ಗ್ರಂಥಪಾಲಕರಿಗೆ ತೋರಿಸುವ ಪದ್ಧತಿಗೆ ‘ಪ್ರೆಸ್’ ಎಂಬ ಪರಿಶೀಲನಾ ಪಟ್ಟಿಯಿದೆ. ಪ್ರಶ್ನೆ ಸರಿಯಾಗಿ ಸೂತ್ರವಾಗಿದೆಯೇ, ಸಂಯೋಜಕಗಳು, ವಿಷಯ ಶೀರ್ಷಿಕೆಗಳು, ಪಠ್ಯಪದಗಳು, ಕಾಗುಣಿತ, ಮಿತಿಗಳು ಸರಿಯಿವೆಯೇ ಎಂದು ಅದು ಆರು ಬಾಬುಗಳಲ್ಲಿ ಕೇಳುತ್ತದೆ. ಕಾಸರಗೋಡಿನಂತಹ ವಿಷಯಕ್ಕೆ ಪರಿಶೀಲಕರಲ್ಲೊಬ್ಬರು ಕನ್ನಡ ಬಲ್ಲವರೂ ಇನ್ನೊಬ್ಬರು ಮಲಯಾಳ ಬಲ್ಲವರೂ ಆಗಿರುವುದು ಅಪೇಕ್ಷಣೀಯ. ‘ಇಂಗ್ಲಿಷ್ ಮಾತ್ರ’ ಎಂಬ ಮಿತಿಯನ್ನು ಅಭ್ಯಾಸಬಲದಿಂದ ಒತ್ತುವವರನ್ನು ತಡೆಯುವ ಘಟ್ಟವೂ ಇದೇ.

ಕೊನೆಗೆ, ಒಪ್ಪಿಸುವ ಮಾತು. ಶೋಧದಲ್ಲಿ ಏನೂ ದೊರೆಯದಿದ್ದರೆ ‘ಪುರಾವೆ ಇಲ್ಲ’ ಎಂದು ಬರೆಯಬಾರದು. ‘ಇಂತಹ ದಿನದಂದು, ಇಂತಹ ಮೂಲಗಳಲ್ಲಿ, ಈ ಭಾಷೆಗಳಲ್ಲಿ, ಈ ಪದಗಳಿಂದ ಹುಡುಕಿದಾಗ ಸಂಬಂಧಿತ ಅಧ್ಯಯನ ಸಿಗಲಿಲ್ಲ, ಇಂತಿಂತಹ ಮೂಲಗಳನ್ನು ನೋಡಲಾಗಿಲ್ಲ’ ಎಂದು ಬರೆಯಬೇಕು. 2011ರಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಅದಕ್ಕೂ ಹಿಂದಿನ ವರ್ಷಗಳುದ್ದಕ್ಕೂ ನಡೆದ ವಾದದಲ್ಲಿ ‘ಪುರಾವೆ ಎಲ್ಲಿ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಎದ್ದಿತ್ತು. ಅದಕ್ಕೆ ಉತ್ತರಿಸಬೇಕಾದವರಿಗೆ ಯಾವ ಮೂಲದಲ್ಲಿ, ಯಾವ ಹೆಸರಿನಡಿ, ಯಾವ ಭಾಷೆಯಲ್ಲಿ ನೋಡಬೇಕೆಂದು ಹೇಳಬಲ್ಲವರ ಅಗತ್ಯವಿರುತ್ತದೆ. ಗಡಿನಾಡಿನ ಪ್ರತಿಯೊಂದು ಗ್ರಂಥಾಲಯವೂ ತನ್ನ ಪ್ರದೇಶದ ಊರುಗಳ ಹೆಸರಿನ ಎಲ್ಲ ರೂಪಗಳು, ಹಳೆಯ ಜಿಲ್ಲೆಗಳು, ಬೆಳೆ ಮತ್ತು ರೋಗಗಳ ಸ್ಥಳೀಯ ಪದಗಳು ಇವುಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿ ಶೋಧದ ನಂತರ ಅದಕ್ಕೆ ಹೊಸದನ್ನು ಸೇರಿಸುತ್ತ ಹೋದರೆ, ಮುಂದಿನ ಪ್ರಶ್ನೆ ಬಂದಾಗ ಕೆಲಸ ಮೊದಲಿನಿಂದ ಆರಂಭವಾಗಬೇಕಾಗಿಲ್ಲ.